ಮಂಗನ ಕಾಯಿಲೆ: ರಕ್ತ ಯಾವ ದಿನ ತೆಗೆದದ್ದು ಎಂಬುದೇ ಮುಖ್ಯ

ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿದರೆ ಗೋವೆಯ ಸತ್ತರಿ ಸಿಗುತ್ತದೆ. 2016ರಲ್ಲಿ ಅಲ್ಲಿನ ಗೇರು ತೋಟಗಳಿಗೆ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಬರುವ ಈ ಜ್ವರ ಮಲೆನಾಡಿನವರದ್ದು ಮಾತ್ರ ಎಂಬ ನಂಬಿಕೆ ಅಂದೇ ಸುಳ್ಳಾಯಿತು. ಆದರೆ ಅದಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆಯೊಂದು ಆಸ್ಪತ್ರೆಯ ವಾರ್ಡಿನಲ್ಲಿದೆ. ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೆ ರೋಗವಿಲ್ಲ, ಪಾಸಿಟಿವ್ ಬಂದರೆ ಮೈಯಲ್ಲಿ ವೈರಸ್ ಇದೆ ಎಂಬುದು ಆ ನಂಬಿಕೆ. ಎರಡೂ ಮಾತು ತಪ್ಪು. ಜ್ವರ ಶುರುವಾಗಿ ಎಷ್ಟನೇ ದಿನ ರಕ್ತ ತೆಗೆದರು ಎಂಬುದನ್ನು ಬಿಟ್ಟು ಓದಿದ ವರದಿಗೆ ಅರ್ಥವೇ ಇರುವುದಿಲ್ಲ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಂಗನ ಕಾಯಿಲೆಯ ರೋಗಿಗಳ ರಕ್ತವನ್ನು ಬೇರೆ ಬೇರೆ ದಿನಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ವೈರಸ್ಸಿನ ಕುರುಹು ರಕ್ತದಲ್ಲಿ ಮೊದಲ ದಿನದಿಂದ 18ನೇ ದಿನದವರೆಗೆ ಸಿಕ್ಕಿತು. ಸೋಂಕಿಗೆ ಮೊದಲು ಸ್ಪಂದಿಸುವ ಐಜಿಎಂ ಪ್ರತಿಕಾಯ ನಾಲ್ಕನೇ ದಿನ ಕಾಣಿಸಿಕೊಂಡು 122ನೇ ದಿನದವರೆಗೂ ಇತ್ತು. ಬಹುಕಾಲ ಉಳಿಯುವ ಐಜಿಜಿ ಐದನೇ ದಿನದಿಂದ 474ನೇ ದಿನದವರೆಗೆ ಪತ್ತೆಯಾಯಿತು. ಜ್ವರದ ಎರಡನೇ ದಿನವೇ ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಬಂದವನಿಗೆ ಪ್ರತಿಕಾಯ ಪರೀಕ್ಷೆಯೊಂದನ್ನೇ ಮಾಡಿದರೆ ಅದು ನೆಗೆಟಿವ್ ಬರುವುದು ಸಹಜ. ದೇಹ ಇನ್ನೂ ಪ್ರತಿಕಾಯ ತಯಾರಿಸಿರುವುದೇ ಇಲ್ಲ. ಆ ದಿನಗಳಲ್ಲಿ ಬೇಕಾದದ್ದು ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್. ಬೇಗ ಆಸ್ಪತ್ರೆಗೆ ಬಂದವನೇ ಹೀಗೆ ತಪ್ಪು ಸಮಾಧಾನ ಹೊತ್ತು ಮನೆಗೆ ಹೋಗುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ.

ಪಾಸಿಟಿವ್ ವರದಿಯ ಭಯವೂ ಇಷ್ಟೇ ಆಧಾರರಹಿತ. ಏಪ್ರಿಲ್‌ನಲ್ಲಿ ಕಾಯಿಲೆ ಬಂದು ಗುಣವಾದವನಿಗೆ ಜುಲೈನಲ್ಲಿ ಮಳೆಗಾಲದ ಡೆಂಗಿ ತಗುಲಿತೆನ್ನಿ. ಆಗಲೂ ಮಂಗನ ಕಾಯಿಲೆಯ ಐಜಿಎಂ ಅವನ ರಕ್ತದಲ್ಲಿ ಉಳಿದಿರಬಹುದು, ಹಳೆಯ ಸೋಂಕನ್ನೇ ಹೊಸದೆಂದು ಬಗೆದು ಈಗಿನ ಜ್ವರದ ಕಾರಣ ಕೈತಪ್ಪಬಹುದು. ಇಂಥವನನ್ನು ಓಣಿಯವರು ದೂರವಿಡುವುದಕ್ಕಂತೂ ಅರ್ಥವೇ ಇಲ್ಲ, ಏಕೆಂದರೆ ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಇನ್ನು 474 ದಿನ ಎಂಬ ಅಂಕಿಯನ್ನು ರಕ್ಷಣೆಯ ಅವಧಿ ಎಂದೂ ತಿಳಿಯಬಾರದು. ಪ್ರತಿಕಾಯದ ಮಟ್ಟ ಇಳಿದರೂ ಅದನ್ನು ಮತ್ತೆ ತಯಾರಿಸಬಲ್ಲ ನೆನಪಿನ ಕೋಶಗಳು ದೇಹದಲ್ಲಿ ಉಳಿಯುತ್ತವೆ.

ಪ್ರತಿಕಾಯ ಹೆಚ್ಚಿದಷ್ಟೂ ರೋಗಿ ಸುರಕ್ಷಿತ ಎಂದು ವಾದಿಸುವವರಿದ್ದಾರೆ. ಕೇಳಲು ಸರಿ ಎನಿಸಿದರೂ ಕೋವಿಡ್ ಕಲಿಸಿದ್ದು ಬೇರೆ. ತೀವ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದವರಲ್ಲೇ ಸಾಮಾನ್ಯವಾಗಿ ಪ್ರತಿಕಾಯದ ಮಟ್ಟ ಹೆಚ್ಚಿತ್ತು, ಸೌಮ್ಯ ಲಕ್ಷಣದವರಲ್ಲಿ ಕಡಿಮೆ. ಗುಣವಾದವರ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಟ್ಟು 2020ರಲ್ಲಿ ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಸಾವೂ ಕಡಿಮೆಯಾಗಲಿಲ್ಲ, ರೋಗ ಉಲ್ಬಣಿಸುವುದೂ ತಪ್ಪಲಿಲ್ಲ. ಮಂಗನ ಕಾಯಿಲೆಯಲ್ಲಿ ಈ ತಿಳಿವಳಿಕೆ ಜೀವ ಉಳಿಸುವಂಥದ್ದು. ಜ್ವರ ಬಿಟ್ಟು, ಪ್ರತಿಕಾಯವೂ ಬಂದ ಮೇಲೆ, ಮೂರನೇ ವಾರದ ಹೊತ್ತಿಗೆ ನೂರರಲ್ಲಿ 10ರಿಂದ 20 ರೋಗಿಗಳಿಗೆ ಜ್ವರ ಮರುಕಳಿಸುತ್ತದೆ. ಈ ಸಲ ತೀವ್ರ ತಲೆನೋವು, ಕೈಕಾಲು ನಡುಕ, ಮಂಕು ಕವಿಯುವುದು ಜೊತೆಗೂಡಬಹುದು. ಇದು ಹೊಸ ಸೋಂಕಲ್ಲ, ಅದೇ ಕಾಯಿಲೆಯ ಎರಡನೇ ಹಂತ. ಪ್ರತಿಕಾಯ ಬಂದಿದೆಯಲ್ಲ ಎಂದು ಮನೆಯಲ್ಲೇ ಕಾಯುವಂತಿಲ್ಲ.

ಹಾಗಾದರೆ ಈ ಪರೀಕ್ಷೆ ಏಕೆ ಬೇಕು ಎಂದು ಕೇಳಬಹುದು. ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ, ಸಂಶಯ ಉಳಿದರೆ ಎರಡು-ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು ಪ್ರತಿಕಾಯ ಏರಿದೆಯೇ ಎಂದು ಹೋಲಿಸುವುದು: ಈ ಕ್ರಮದಲ್ಲಿ ಮಾಡಿದರೆ ಅದು ನಂಬಬಹುದಾದ ಪರೀಕ್ಷೆಯೇ. ಕಣಕುಂಬಿಯಂಥ ಕಡೆಯ ಕೂಲಿಯವನು ಎರಡನೇ ಸಲ ರಕ್ತ ಕೊಡಲು ಒಂದು ದಿನದ ದುಡಿಮೆ ಬಿಟ್ಟು ಬೆಳಗಾವಿಗೆ ಬರುತ್ತಾನೆಯೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬರಲಾರ. ಆದ್ದರಿಂದ ಆ ಎರಡನೇ ಮಾದರಿಯನ್ನು ಅವನ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆಯಬೇಕು, ಮೊದಲ ಮಾದರಿಯ ಚೀಟಿಯಲ್ಲಿ ಜ್ವರ ಶುರುವಾದ ತಾರೀಖನ್ನು ತಪ್ಪದೆ ಬರೆದಿರಬೇಕು.