ಅನ್ಯಭಾಷಾ ಕಾಗುಣಿತ ಮತ್ತು ಹೆಣ್ಣುಮಗುವಿನ ಹೆಸರು: ಒಂದು ಭಾಷಿಕ ಪರಿಶೀಲನೆ

ಕನ್ನಡ ವ್ಯಕ್ತಿನಾಮಗಳ ಚರ್ಚೆಯಲ್ಲಿ ಹೆಸರಿನ ಅರ್ಥ, ದೈವ, ಕುಲ ಮತ್ತು ಪ್ರದೇಶಗಳಿಗೆ ದೊರೆತಷ್ಟು ಗಮನ ಹೆಸರಿನ ಬರವಣಿಗೆಗೆ ದೊರೆತಿಲ್ಲ. ಹಿಂದೆ ಇದು ಸಮಸ್ಯೆಯೂ ಆಗಿರಲಿಲ್ಲ. ಹೆಸರು ಮೊದಲು ಬಾಯಲ್ಲಿ ನೆಲೆಗೊಂಡು ಅನಂತರ ಅಕ್ಷರಕ್ಕೆ ಇಳಿಯುತ್ತಿತ್ತು. ಇಂದು ನಗರದ ಅನೇಕ ಕುಟುಂಬಗಳಲ್ಲಿ ಈ ಕ್ರಮ ತಿರುಗಿದೆ. ಹೆಸರು ಮೊದಲು ರೋಮನ್ ಅಕ್ಷರಗಳಲ್ಲಿ ಆಯ್ಕೆಯಾಗುತ್ತದೆ, ಕನ್ನಡ ರೂಪವನ್ನು ಕಡೆಗೆ ಗುಮಾಸ್ತರೋ ಗಣಕಯಂತ್ರವೋ ನಿರ್ಧರಿಸುತ್ತದೆ. ಈ ತಿರುವಿನ ಭಾಷಿಕ ಪರಿಣಾಮಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಒಂದು ಬಡಾವಣೆಯ ಹೆಸರು

ಉತ್ತರ ಬೆಂಗಳೂರಿನ ಆರ್.ಟಿ. ನಗರದ ಹೆಸರೇ ಈ ವಿಷಯಕ್ಕೆ ಉತ್ತಮ ನಿದರ್ಶನ. ರವೀಂದ್ರನಾಥರ ಮನೆತನದ ಹೆಸರು ಬಂಗಾಳಿಯಲ್ಲಿ ‘ಠಾಕುರ್’. ಅದು ಇಂಗ್ಲಿಷಿನ ಕಾಗುಣಿತಕ್ಕೆ ಒಗ್ಗಿ ‘ಟಾಗೋರ್’ ಆಯಿತು. ಬಡಾವಣೆಯ ಹೆಸರಿನಲ್ಲಿ ಆ ಕಾಗುಣಿತದ ಮೊದಲಕ್ಷರವಷ್ಟೇ ‘ಟಿ’ ಎಂದು ಉಳಿಯಿತು. ಇದೇ ನಗರದಲ್ಲಿ ಕವಿಯ ಜನ್ಮಶತಮಾನೋತ್ಸವದ (1961) ನೆನಪಿಗೆ ಕಟ್ಟಿದ ರಂಗಮಂದಿರವಾದರೋ ‘ರವೀಂದ್ರ ಕಲಾಕ್ಷೇತ್ರ’. ಇಲ್ಲಿ ಕನ್ನಡವು ರೋಮನ್ ರೂಪದ ‘ಬ’ಕಾರವನ್ನು ಅನುಸರಿಸದೆ ತನಗೆ ಪರಿಚಿತವಾದ ‘ವ’ಕಾರವನ್ನೇ ಉಳಿಸಿಕೊಂಡಿದೆ. ಆರ್.ಟಿ. ನಗರಕ್ಕೆ ಹೊಂದಿಕೊಂಡ ಸುಲ್ತಾನ್‌ಪಾಳ್ಯದಲ್ಲಿ ಅರಬ್ಬೀ ಮೂಲದ ಪದವೊಂದು ಕನ್ನಡದ ‘ಪಾಳ್ಯ’ದೊಡನೆ ಸಲೀಸಾಗಿ ಕೂಡಿಕೊಂಡಿದೆ. ಅದೇ ‘ಸುಲ್ತಾನ್’ ವಿಜಯನಗರದ ಅರಸರ ಬಿರುದಿನಲ್ಲಿ ‘ಸುರತ್ರಾಣ’ವಾಗಿತ್ತು. ಅನ್ಯಭಾಷೆಯ ಹೆಸರು ಕನ್ನಡಕ್ಕೆ ಹೊಸದಲ್ಲ; ಅದನ್ನು ಯಾವ ಮಾರ್ಗದಿಂದ ಬರಮಾಡಿಕೊಳ್ಳುತ್ತೇವೆ ಎಂಬುದೇ ಪ್ರಶ್ನೆ.

೨. ಅಪರಿಚಿತ ಕಾಗುಣಿತದ ಒಳಕ್ರಮ

ಐರಿಷ್ ಭಾಷೆಯ ಹೆಣ್ಣುಹೆಸರೊಂದನ್ನು ಪರಿಶೀಲಿಸಬಹುದು. ಎಸ್, ಐ, ಓ, ಬಿ, ಎಚ್, ಎ, ಎನ್ ಎಂಬ ಅಕ್ಷರಗಳಿಂದ ಬರೆಯುವ ಈ ಹೆಸರನ್ನು ನಮ್ಮಲ್ಲಿ ‘ಸಿಯೋಭಾನ್’ ಎಂದು ಓದುವುದು ಸಹಜ. ಅದರ ಉಚ್ಚಾರಣೆ ಸರಿಸುಮಾರು ‘ಶಿವಾನ್’. ಐರಿಷ್ ಬರವಣಿಗೆಯಲ್ಲಿ ‘ಇ’ ಸ್ವರದ ಪಕ್ಕದ ಎಸ್ ‘ಶ’ಕಾರವಾಗುತ್ತದೆ, ಬಿ ಮತ್ತು ಎಚ್ ಜೊತೆಗೂಡಿದರೆ ‘ವ’ಕಾರವನ್ನು ಸೂಚಿಸುತ್ತವೆ. ಆದ್ದರಿಂದ ಅದು ವಿಚಿತ್ರ ಕಾಗುಣಿತವಲ್ಲ, ತನ್ನದೇ ನಿಯಮವುಳ್ಳ ಕಾಗುಣಿತ. ಅದಕ್ಕಿಂತ ಮುಖ್ಯವಾದುದು ಈ ಹೆಸರಿನ ಚರಿತ್ರೆ. ಹೀಬ್ರೂವಿನ ಯೋಹಾನಾನ್ ಮೂಲದಿಂದ ಬಂದ ಫ್ರೆಂಚ್ ಹೆಣ್ಣುಹೆಸರೊಂದು ನಾರ್ಮನ್ನರ ಮೂಲಕ ಐರ್ಲೆಂಡನ್ನು ತಲುಪಿದಾಗ, ತಮ್ಮಲ್ಲಿಲ್ಲದ ‘ಜ’ಕಾರಕ್ಕೆ ಬದಲಾಗಿ ‘ಶ’ಕಾರವನ್ನು ಇಟ್ಟು ಐರಿಷರು ಅದನ್ನು ತಮ್ಮದಾಗಿಸಿಕೊಂಡರು.

ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವರಿಸುವ ತದ್ಭವ ಪ್ರಕ್ರಿಯೆಗೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಲಕ್ಷ್ಮಿ ‘ಲಕುಮಿ’ಯಾದುದು, ಸರಸ್ವತಿ ‘ಸರಸತಿ’ಯಾದುದು, ಕನ್ನಡ ಕ್ರೈಸ್ತರಲ್ಲಿ ಮರಿಯಾ ‘ಮರಿಯಮ್ಮ’ ಆದುದು ಇದೇ ಬಗೆಯಲ್ಲಿ. ಹೀಗಿರುವಾಗ ಐರಿಷ್ ಹೆಸರಿನ ಅಕ್ಷರಗಳನ್ನು ಮಾತ್ರ ಎರವಲು ತಂದು ಧ್ವನಿಯನ್ನು ಕೈಬಿಡುವುದು ಮೂಲಕ್ಕೂ ನಿಷ್ಠವಲ್ಲ, ಕನ್ನಡಕ್ಕೂ ಒಪ್ಪುವುದಿಲ್ಲ.

೩. ಕನ್ನಡದ ವ್ಯಾಕರಣದಲ್ಲಿ ಹೆಸರು

ಹೆಸರು ಕರೆಯುವುದಕ್ಕಾಗಿ ಇರುವ ಪದ. ‘ಗೌರೀ’, ‘ಲಲಿತಾ’ ಎಂದು ಕರೆಯುವಾಗ ಕೊನೆಯ ಸ್ವರ ದೀರ್ಘವಾಗಿ ಪ್ಲುತದ ವರೆಗೂ ಎಳೆಯಲ್ಪಡುತ್ತದೆ. ವ್ಯಂಜನಾಂತ ಹೆಸರಿನಲ್ಲಿ ಆ ಎಳೆತಕ್ಕೆ ಎಡೆಯಿಲ್ಲ. ವಿಭಕ್ತಿಯಲ್ಲಿಯೂ ಇದೇ ತೊಡಕು. ‘ಗೌರಿಗೆ’, ‘ಲಲಿತಾಳಿಗೆ’ ಎನ್ನುವಷ್ಟು ನಿರಾಯಾಸವಾಗಿ ‘ಶಿವಾನ್’ ಎಂಬುದಕ್ಕೆ ಪ್ರತ್ಯಯ ಹತ್ತುವುದಿಲ್ಲ. ‘ಶಿವಾನ್‌ಗೆ’ ಎಂದರೆ ಗಂಡು ಹೆಸರೆಂಬ ಭಾವನೆ ಬರುತ್ತದೆ. ‘ಹೊಳಪು’ ಎಂಬ ಅರ್ಥದ ಮತ್ತೊಂದು ಐರಿಷ್ ಹೆಸರಿನ ಉಚ್ಚಾರಣೆ ‘ನೀವ್’. ಕನ್ನಡದ ಮನೆಯಲ್ಲಿ ಆ ಮಗುವನ್ನು ಕೂಗಿದಾಗಲೆಲ್ಲ ಕೇಳಿಸುವುದು ಬಹುವಚನದ ಸರ್ವನಾಮ! ಗ್ರೀಕ್ ಮೂಲದ ‘ಜ಼ೋಯಿ’, ‘ಕ್ಲೋಯಿ’ಗಳು ಇಕಾರಾಂತವಾದುದರಿಂದ ‘ಜ಼ೋಯಿಗೆ’, ‘ಕ್ಲೋಯಿಯ’ ಎಂದು ಸುಲಭವಾಗಿ ನಡೆಯುತ್ತವೆ. ಆದರೆ ‘ಜ಼’ ಧ್ವನಿಗೆ ನುಕ್ತೆಯನ್ನು ಬಳಸುವವರು ಕಡಿಮೆಯಾದುದರಿಂದ ಬರವಣಿಗೆಯಲ್ಲಿ ಅದು ‘ಜ’ಕಾರದೊಡನೆ ಬೆರೆತುಹೋಗುತ್ತದೆ.

ಅಚ್ಚಕನ್ನಡದ ಅಥವಾ ಸಂಸ್ಕೃತದ ಹೆಸರುಗಳೂ ಈ ಒತ್ತಡದಿಂದ ಹೊರತಲ್ಲ. ಸಂಖ್ಯಾಶಾಸ್ತ್ರದ ನಂಬಿಕೆಯಿಂದ ರೋಮನ್ ಅಕ್ಷರಗಳನ್ನು ಇಮ್ಮಡಿಸುವಾಗ ಕನ್ನಡದ ಉಚ್ಚಾರಣೆ ಬದಲಾಗುವುದಿಲ್ಲ, ಆದರೂ ಮಗುವಿನ ‘ನಿಜವಾದ’ ಹೆಸರು ರೋಮನ್ ರೂಪವೇ ಎಂಬ ಗ್ರಹಿಕೆ ಬಲಗೊಳ್ಳುತ್ತದೆ. ರೋಮನ್‌ನಲ್ಲಿ ‘ಳ’-‘ಲ’, ‘ಣ’-‘ನ’ಗಳ ಭೇದವಿಲ್ಲದಿರುವುದರಿಂದ, ಆ ರೂಪದಿಂದ ಮರಳಿ ಕನ್ನಡಕ್ಕೆ ತಂದಾಗ ‘ಮೃಣಾಲಿನಿ’ಯು ‘ಮೃನಾಲಿನಿ’ಯಾಗಬಹುದು.

೪. ದಾಖಲೆ ಮತ್ತು ನಿರ್ಣಯ

ಈ ವ್ಯತ್ಯಾಸಗಳ ಭಾರ ಬೀಳುವುದು ಹೆಸರಿಟ್ಟವರ ಮೇಲಲ್ಲ, ಹೆಸರು ಹೊತ್ತವಳ ಮೇಲೆ. ಕರ್ನಾಟಕದಲ್ಲಿ ಜನನ ಪ್ರಮಾಣಪತ್ರವು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರುತ್ತದೆ. 2023ರ ತಿದ್ದುಪಡಿಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನ್ಮದಿನಾಂಕಕ್ಕೆ ಆಧಾರ ಈ ಪತ್ರವೇ. ಹೀಗಾಗಿ ಮೊದಲ ಬರವಣಿಗೆಯ ಮಹತ್ತ್ವ ಹೆಚ್ಚಿದೆ. ಆದರೆ ಅವಸರಕ್ಕೆ ಕಾರಣವಿಲ್ಲ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ 14ನೆಯ ಪ್ರಕರಣವು ಹೆಸರಿಲ್ಲದೆ ನೋಂದಾಯಿಸಿ ಅನಂತರ ಹೆಸರು ಸೇರಿಸಲು ಅವಕಾಶ ನೀಡುತ್ತದೆ. ನಿಯಮಗಳ ಪ್ರಕಾರ ಹನ್ನೆರಡು ತಿಂಗಳೊಳಗೆ ಇದಕ್ಕೆ ಶುಲ್ಕವಿಲ್ಲ.

ಈ ಅವಧಿಯಲ್ಲಿ ಹೆತ್ತವರು ನಡೆಸಬೇಕಾದ ಪರೀಕ್ಷೆ ಸರಳವಾದುದು: ಹೆಸರನ್ನು ಮೊದಲು ಕನ್ನಡದಲ್ಲಿ ಬರೆಯುವುದು, ಗಟ್ಟಿಯಾಗಿ ಕರೆಯುವುದು, ಪ್ರತ್ಯಯ ಹಚ್ಚಿ ನೋಡುವುದು, ಆಮೇಲೆ ರೋಮನ್ ರೂಪವನ್ನು ನಿಶ್ಚಯಿಸುವುದು. ‘ಶಿವಾನ್’ ಒಗ್ಗದಿದ್ದರೆ ಕನ್ನಡದ ಕಿವಿಗೆ ‘ಶಿವಾನಿ’ ಹತ್ತಿರದಲ್ಲಿಯೇ ಇದೆ. ಒಗ್ಗಿದರೆ ‘ಶಿವಾನ್’ ಎಂದೇ ಬರೆಯಬೇಕಲ್ಲದೆ ‘ಸಿಯೋಭಾನ್’ ಎಂದಲ್ಲ.

ಇದಕ್ಕೆ ಸಾರ್ವಜನಿಕ ಪೂರ್ವನಿದರ್ಶನವೂ ಇದೆ. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು ಮೊದಲಾದ ಹನ್ನೆರಡು ಊರುಗಳ ರೋಮನ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ತಿದ್ದಲಾಯಿತು. ಅಲ್ಲಿ ಕನ್ನಡ ರೂಪ ಮುಂದೆ ನಡೆಯಿತು, ರೋಮನ್ ಹಿಂಬಾಲಿಸಿತು. ಊರಿನ ಹೆಸರಿಗೆ ಒಪ್ಪಿಕೊಂಡ ಈ ತತ್ತ್ವವನ್ನು ಮಕ್ಕಳ ಹೆಸರಿಗೂ ಅನ್ವಯಿಸುವುದು ಅಸಾಧ್ಯವೇನಲ್ಲ. ಶಾಲಾ ದಾಖಲೆಗಳಲ್ಲಿ ಎರಡು ಲಿಪಿಗಳಲ್ಲಿರುವ ಹೆಸರುಗಳನ್ನು ಬಡಾವಣೆವಾರು ಸಂಗ್ರಹಿಸಿ ಹೋಲಿಸಿದರೆ, ಇಪ್ಪತ್ತೊಂದನೆಯ ಶತಮಾನದ ಕನ್ನಡವು ಅನ್ಯಧ್ವನಿಗಳನ್ನು ಹೇಗೆ ಅರಗಿಸಿಕೊಳ್ಳುತ್ತಿದೆ ಎಂಬುದಕ್ಕೆ ಅಮೂಲ್ಯವಾದ ಆಕರ ದೊರೆಯುತ್ತದೆ. ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ ಇದು.