ಅಜ್ಜನ ಕಾರು ಮತ್ತು ಕುಕ್ಕರಿನ ಗ್ಯಾಸ್ಕೆಟ್ಟು

ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಉಡುಪಿಯಲ್ಲಿ ಮದುವೆ ಊಟ ಮುಗಿಸಿಕೊಂಡು ತೀರ್ಥಹಳ್ಳಿ ಕಡೆಗೆ ಬರುತ್ತಿದ್ದೆವು. ಹತ್ತನೆಯ ತಿರುವು ದಾಟುವಾಗ ಹಿಂದಿನ ಸೀಟಿನಿಂದ ಮೊಮ್ಮಗಳು ಬಗ್ಗಿ ನೋಡಿ, "ಅಜ್ಜ, ಆ ಮುಳ್ಳು ಮೇಲೆ ಹೋಗ್ತಾ ಇದೆ" ಎಂದಳು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅದು. "ಇನ್ನು ನಾಲ್ಕೇ ತಿರುವು ಪುಟ್ಟಿ, ಮೇಲೆ ಹೋಗಿ ನಿಲ್ಲಿಸೋಣ" ಎಂದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನ ಮಾತು ಇದು!

ಘಾಟಿ ಹತ್ತಿದ ಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಒಂದು ಗಂಟೆ ಕಾದು, ನೀರು ತುಂಬಿಸಿ, ಹೇಗೋ ಮನೆ ಸೇರಿದೆವು. ಮಾರನೆಯ ದಿನ ಕಾರು ಶುರು ಮಾಡಿದರೆ ಎಂಜಿನ್ ಕುಂಟುತ್ತಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು. ರೇಡಿಯೇಟರಿನಲ್ಲಿ ನೀರು ಮತ್ತೆ ಇಳಿದಿತ್ತು. ಆದರೆ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ನೀರು ಎಲ್ಲಿ ಹೋಯ್ತು ಅಜ್ಜ?" ಎಂದು ಪುಟ್ಟಿ ಕೇಳಿದಳು. ಆರನೇ ಕ್ಲಾಸಿನವಳು, ಉತ್ತರ ಸಿಗುವ ತನಕ ಬಿಡುವವಳಲ್ಲ. ಅಡುಗೆಮನೆಯಿಂದ ಕುಕ್ಕರಿನ ಮುಚ್ಚಳ ತಂದು ತೋರಿಸಿದೆ. ಮುಚ್ಚಳದ ಒಳಗೆ ರಬ್ಬರಿನ ಬಳೆ ಇದೆಯಲ್ಲ, ಗ್ಯಾಸ್ಕೆಟ್ಟು? ಅದು ಹಳೆಯದಾದರೆ ಸೀಟಿ ಕೂಗುವುದಿಲ್ಲ, ಹಬೆ ಅಂಚಿನಿಂದ ಸೋರುತ್ತದೆ. ಕಾರಿನ ಎಂಜಿನ್ನೂ ಎರಡು ತುಂಡು. ಕೆಳಗಿನದು ಬ್ಲಾಕ್, ಅದರ ಕೊಳವೆಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಓಡುತ್ತವೆ. ಮೇಲಿನ ಮುಚ್ಚಳವೇ ಸಿಲಿಂಡರ್ ಹೆಡ್. ಇವೆರಡರ ನಡುವೆ ಒಂದು ತೆಳುವಾದ ಹಾಳೆ, ಅದೇ ಹೆಡ್ ಗ್ಯಾಸ್ಕೆಟ್.

ಕುಕ್ಕರಿನ ಬಳೆ ತಡೆಯಬೇಕಾದದ್ದು ಹಬೆಯೊಂದನ್ನೇ. ಈ ಹಾಳೆ ಮೂರನ್ನು ಬೇರೆ ಬೇರೆ ಇಡಬೇಕು: ಉರಿಯುವ ಅನಿಲ, ತಂಪು ಮಾಡುವ ನೀರು, ಎಣ್ಣೆ. ಕುಕ್ಕರಿನೊಳಗೆ ಹೊರಗಿನ ಗಾಳಿಯ ಸುಮಾರು ಎರಡು ಪಟ್ಟು ಒತ್ತಡ ಇದ್ದರೆ, ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗೆ ಹತ್ತಾರು ಪಟ್ಟು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಬೆಂಕಿ ಹತ್ತುತ್ತದೆ. ಎರಡು ಸುತ್ತಿಗೆ ಒಂದು ಸಲ ಎಂಬ ಲೆಕ್ಕ ಹೇಳಿಕೊಟ್ಟೆ, ಪುಟ್ಟಿ ಬೆರಳಿನಲ್ಲೇ ಭಾಗಿಸಿ ಒಪ್ಪಿಕೊಂಡಳು.

ಎಂಜಿನ್ ವಿಪರೀತ ಕಾದರೆ ಆಗುವುದೇನು? ಹೆಚ್ಚಿನ ಕಾರುಗಳಲ್ಲಿ ಹೆಡ್ ಅಲ್ಯೂಮಿನಿಯಮ್ಮಿನದು. ಬ್ಲಾಕ್ ಎರಕದ ಕಬ್ಬಿಣದ್ದಾದರೆ, ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಅದರ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಅದನ್ನು ಹಿಡಿದಿರುತ್ತವೆ. ಹಿಗ್ಗಲು ಜಾಗವಿಲ್ಲದ ಹೆಡ್ ಬಾಗುತ್ತದೆ, ನಡುವಿನ ಹಾಳೆಯ ಮೇಲೆ ಹಿಡಿತ ಸಡಿಲವಾಗುತ್ತದೆ, ಅಲ್ಲಿಂದ ಸೋರಿಕೆ. ನಮ್ಮ ನೀರು ಸಿಲಿಂಡರಿನೊಳಗೆ ಹೋಗಿ, ಹಬೆಯಾಗಿ, ಸೈಲೆನ್ಸರಿನಿಂದ ಹೊರಟುಹೋಗಿತ್ತು.

ಇಷ್ಟು ಗೊತ್ತಾದ ಮೇಲೆ ನನಗೊಂದು ಹುಮ್ಮಸ್ಸು ಬಂತು. ಗ್ಯಾಸ್ಕೆಟ್ಟಿನ ಬೆಲೆ ಕೆಲವು ನೂರು ರೂಪಾಯಿ. ಗ್ಯಾರೇಜಿಗೆ ಕೊಟ್ಟರೆ ಸಾವಿರಗಳ ಲೆಕ್ಕ. ನಾವೇ ಯಾಕೆ ಮಾಡಬಾರದು? ನನ್ನ ಮಾವ ತಮ್ಮ ಹಳೆಯ ಅಂಬಾಸಿಡರಿನ ಹೆಡ್ಡನ್ನು ಅಂಗಳದ ಮಾವಿನ ಮರದ ಕೆಳಗೇ ಇಳಿಸಿದ್ದರು, ನಾನೇ ಸ್ಪ್ಯಾನರ್ ಎತ್ತಿಕೊಟ್ಟಿದ್ದೆ.

ಮನೆಯಾಕೆ ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ಮಂಡಿಗೆ ಬಸ್ಸಿನ ಮೆಟ್ಟಿಲು ಎಟಕೋದಿಲ್ಲ. ಶಿವಮೊಗ್ಗಕ್ಕೆ ಡಾಕ್ಟರ ಹತ್ರ ಹೋಗೋಕೆ ಇರೋದು ಇದೊಂದೇ ಕಾರು. ನೀವು ಸರಿ ಮಾಡಿದ್ದು ದಾರಿ ಮಧ್ಯೆ ನಿಂತರೆ ಬಿಸಿಲಲ್ಲಿ ಕೂರೋಳು ನಾನು" ಎಂದಳು. ಮುಂದಿನ ತಪಾಸಣೆಗೆ 12 ದಿನ ಇತ್ತು.

ಮಗ ಬೆಂಗಳೂರಿನಿಂದ ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟ. "ಅಪ್ಪ, ಗುಜರಿಗೆ ಕೊಟ್ಟುಬಿಡಿ. ರಿಪೇರಿಗೆ ಹಾಕೋ ದುಡ್ಡು ಕಾರಿಗೇ ಬರಲ್ಲ." ಅವನ ಲೆಕ್ಕ ತಪ್ಪೇನಲ್ಲ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮದು 2004ರದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಬಂದಿದ್ದೇವೆ. ಆದರೆ ಕಾರು ಹೋದರೆ ಈಕೆ ಹೊಸಿಲು ದಾಟುವುದೂ ನಿಂತ ಹಾಗೆಯೇ. ಗುಜರಿಯ ಮಾತನ್ನು ಅಲ್ಲಿಗೇ ಬಿಟ್ಟೆವು.

ನಮ್ಮೂರ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಮನೆಗೇ ಬಂದು ನೋಡಿದ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಶುರು ಮಾಡಿಸಿದ. ನೀರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದವು. ಮಕ್ಕಳೇ, ಬಿಸಿ ಎಂಜಿನ್ನಿನ ಆ ಮುಚ್ಚಳವನ್ನು ಎಂದಿಗೂ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿನ ಒತ್ತಡ ಅಳೆದ. ಮೂರರಲ್ಲಿ ಮೊದಲನೆಯದು ಚೆನ್ನಾಗಿತ್ತು. ಎರಡನೆಯದೂ ಮೂರನೆಯದೂ ಅದರ ಅರ್ಧದ ಆಸುಪಾಸು. ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಎಣ್ಣೆ ಬಿಟ್ಟಾಗ ಒತ್ತಡ ಏರುತ್ತದೆ, ಏರಲಿಲ್ಲ. "ಪಕ್ಕದ ಮನೆಯವರ ನಡುವಿನ ಗೋಡೆ ಬಿದ್ದಿದೆ" ಎಂದಳು ಪುಟ್ಟಿ. ಅವನು ನಕ್ಕು, "ಸಾರ್, ಇವಳನ್ನ ನನ್ನ ಹತ್ರ ಕಳಿಸಿ" ಎಂದ.

"ಹೆಡ್ಡು ನಾನೇ ಬಿಚ್ಚಬೇಕು ಅಂತಿದ್ದೀನಪ್ಪ" ಎಂದೆ.

ಅವನು ಬೇಡ ಎನ್ನಲಿಲ್ಲ. "ಬಿಚ್ಚಬಹುದು ಸಾರ್. ಬಿಚ್ಚಿದ ಮೇಲೆ ಹೆಡ್ಡು ಬಾಗಿದೆಯೋ ಇಲ್ವೋ ಹೇಗೆ ನೋಡ್ತೀರಿ? ಟಾರ್ಕ್ ರೆಂಚ್ ಇದೆಯಾ? ಟೈಮಿಂಗ್ ಬೆಲ್ಟ್ ಮತ್ತೆ ಕೂರಿಸ್ತೀರಾ?"

ಪುಟ್ಟಿ ಈ ಮೂರು ಪ್ರಶ್ನೆಗಳನ್ನೂ ತನ್ನ ರಫ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ರಾತ್ರಿ ಕೂತು ಒಂದೊಂದಕ್ಕೂ ಉತ್ತರ ಹುಡುಕಿದೆವು. ಹೆಡ್ಡಿನ ತಳ ಎಷ್ಟು ಸಮತಟ್ಟಾಗಿರಬೇಕೆಂದರೆ, ನೇರ ಪಟ್ಟಿಯೊಂದನ್ನು ಅದರ ಮೇಲಿಟ್ಟಾಗ ಸಂದಿ ಸಾಮಾನ್ಯವಾಗಿ 0.05 ಮಿಲಿಮೀಟರ್ ಮೀರಬಾರದು. ಅಂದರೆ ಅವಳ ನೋಟ್‌ಬುಕ್ಕಿನ ಹಾಳೆಯ ಸುಮಾರು ಅರ್ಧ ದಪ್ಪ. ಬಾಗಿದ್ದರೆ ಯಂತ್ರದಲ್ಲಿ ತೆಳುವಾಗಿ ಹೆರೆಸಬೇಕು, ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ಬೋಲ್ಟುಗಳನ್ನು ಕೈಯಳತೆಯಲ್ಲಿ ಬಿಗಿಯುವಂತಿಲ್ಲ. ನಡುವಿನಿಂದ ಶುರು ಮಾಡಿ ಹೊರಕ್ಕೆ, ಹಂತಹಂತವಾಗಿ, ಪುಸ್ತಕದಲ್ಲಿ ಕೊಟ್ಟ ಅಳತೆಗೆ ಬಿಗಿಯಬೇಕು. ಬೋಲ್ಟಿನ ತೂತಿನಲ್ಲಿ ನೀರೋ ಎಣ್ಣೆಯೋ ಉಳಿದಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಇದು ನನಗೆ ಗೊತ್ತೇ ಇರಲಿಲ್ಲ.

ಮಾವನ ಅಂಬಾಸಿಡರಿನ ಗುಟ್ಟೂ ಆಗ ಹೊಳೆಯಿತು. ಆ ಹಳೆಯ ಎಂಜಿನ್ನಿನಲ್ಲಿ ಹೆಡ್ಡೂ ಕಬ್ಬಿಣದ್ದೇ. ಕವಾಟಗಳನ್ನು ತೆರೆಸುವ ಕ್ಯಾಮ್ ದಂಡ ಕೆಳಗೆ ಬ್ಲಾಕಿನಲ್ಲಿತ್ತು. ಹೆಡ್ ಇಳಿಸಿದರೂ ಅದರ ತಾಳ ತಪ್ಪುತ್ತಿರಲಿಲ್ಲ. ನಮ್ಮ ಕಾರಿನಲ್ಲಿ ಆ ದಂಡ ಹೆಡ್ಡಿನ ಮೇಲೇ ಇದೆ, ಹಲ್ಲಿನ ಬೆಲ್ಟು ಅದನ್ನು ತಿರುಗಿಸುತ್ತದೆ. ಬೆಲ್ಟು ತೆಗೆಯದೆ ಹೆಡ್ ಬರುವುದಿಲ್ಲ, ಒಂದು ಹಲ್ಲು ಆಚೀಚೆ ಕೂತರೂ ಎಂಜಿನ್ ಸರಿಯಾಗಿ ಓಡುವುದಿಲ್ಲ.

ಟಾರ್ಕ್ ರೆಂಚ್, ಪುಸ್ತಕ, ಮಳೆ ಬೀಳದ ಜಾಗ, ಅವಸರವಿಲ್ಲದ ಹದಿನೈದು ದಿನ, ಸಾಮಾನು ತರಲು ಇನ್ನೊಂದು ವಾಹನ, ಇವೆಲ್ಲ ಇದ್ದವರು ಧೈರ್ಯವಾಗಿ ಮಾಡಬಹುದು. ಮಾಡುವವರನ್ನು ಕಂಡರೆ ನನಗೆ ಗೌರವ. ನನ್ನ ಹತ್ತಿರ ಇದ್ದದ್ದು ಹುಮ್ಮಸ್ಸು, ಬಗ್ಗದ ಸೊಂಟ, 12 ದಿನ. ಬೆಳಿಗ್ಗೆ ಅವನಿಗೆ ಫೋನ್ ಮಾಡಿ, "ಹೆಡ್ಡು ನೀನೇ ಮಾಡಪ್ಪ, ಆದರೆ ನಾವೂ ಜೊತೆಗಿರ್ತೀವಿ" ಎಂದೆ.

ಅವನು ಅದಕ್ಕೂ ಒಪ್ಪಿದ. ನೀರು ಬಸಿದದ್ದು, ಹೋಸುಗಳನ್ನು ಬಿಚ್ಚಿದ್ದು ನಾನು. ಹೆಡ್ಡಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ತೂತು ಕೊರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದದೇ ಜಾಗದಲ್ಲಿ ಚುಚ್ಚಿಟ್ಟವಳು ಪುಟ್ಟಿ. ಹಳೆಯ ಗ್ಯಾಸ್ಕೆಟ್ಟು ಹೊರಬಂದಾಗ ಎರಡು ಮತ್ತು ಮೂರನೆಯ ಸಿಲಿಂಡರಿನ ನಡುವೆ ಸುಟ್ಟು ಕಪ್ಪಾದ ಸೀಳು ಕಂಡಿತು. ಹೆಡ್ಡು ಹಾಳೆಯೊಂದರ ದಪ್ಪಕ್ಕಿಂತಲೂ ಹೆಚ್ಚೇ ಬಾಗಿತ್ತು. ಶಿವಮೊಗ್ಗದ ಲೇತಿಗೆ ಹೋಗಿ ಬರಲು ನಾಲ್ಕು ದಿನ ಹಿಡಿಯಿತು.

ಮೂಲ ತಪ್ಪು ಯಾರದೆಂದೂ ಗೊತ್ತಾಯಿತು. ವರ್ಷಗಟ್ಟಲೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿದವನು ನಾನೇ. ಒಳಗೆಲ್ಲ ಬಚ್ಚಲ ಹಂಡೆಯ ಹಾಗೆ ಬಿಳಿ ಗರಣೆ ಕಟ್ಟಿತ್ತು, ಕೆಳಗಿನ ಹೋಸು ಬಿರುಕು ಬಿಟ್ಟಿತ್ತು. ಅವೆರಡನ್ನೂ ಬದಲಿಸದೆ ಹೊಸ ಗ್ಯಾಸ್ಕೆಟ್ಟು ಹಾಕಿದ್ದರೆ ಅದೂ ಇದೇ ದಾರಿ ಹಿಡಿಯುತ್ತಿತ್ತು. ಈಗ ಹಸಿರು ಬಣ್ಣದ ಕೂಲಂಟ್ ತುಂಬಿಸಿದ್ದೇವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದರೆ ನಾಯಿಗಳೂ ನೆಕ್ಕುತ್ತವೆ, ಆದ್ದರಿಂದ ಕ್ಯಾನನ್ನು ಅಟ್ಟದ ಮೇಲಿಟ್ಟಿದ್ದೇನೆ.

ಬೋಲ್ಟು ಬಿಗಿಯುವ ದಿನ ಪುಟ್ಟಿ ಪುಸ್ತಕ ಹಿಡಿದು ನಿಂತು "ನಡುವಿನದು... ಈಗ ಎದುರಿನದು" ಎಂದು ಕೂಗಿ ಹೇಳಿದಳು. ಪ್ರತಿ ಸಲ ಟಾರ್ಕ್ ರೆಂಚು ಟಕ್ಕೆಂದಾಗ ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಿದಳು.

ಹನ್ನೊಂದನೆಯ ದಿನ ಕಾರು ಮನೆಗೆ ಬಂತು. ಮರುದಿನ ಶಿವಮೊಗ್ಗಕ್ಕೆ ಹೊರಟಾಗ ಮನೆಯಾಕೆ ಮುಂದಿನ ಸೀಟಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ದಾರಿಯುದ್ದಕ್ಕೂ ಆ ಮುಳ್ಳನ್ನೇ ನೋಡುತ್ತಿದ್ದಳು. ಅದು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ.