ನಿಮಗಿದು ಗೊತ್ತೇ? ಮರ ಹೋದಲ್ಲಿ ಸವಳು ಬರುತ್ತದೆ!

● ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋದವರು ಕೆಂಪು ನೀರಿನ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. 52 ಮೀಟರ್ ಎತ್ತರದಿಂದ ಧುಮುಕುವ ಆ ಬಣ್ಣ ಮೇಲಿನ ಗುಡ್ಡ, ಹೊಲಗಳ ಮಣ್ಣು!

● ದೊಡ್ಡ ಮಳೆಹನಿ ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 30 ಕಿ.ಮೀ. ಕಾಡಿನಲ್ಲಿ ಆ ಏಟನ್ನು ತಾಳಿಕೊಳ್ಳುವುದು ಮುಖ್ಯವಾಗಿ ಕೊಂಬೆಯಲ್ಲ, ಬುಡದಲ್ಲಿ ಬಿದ್ದಿರುವ ತರಗೆಲೆ.

● ಕಾಡು ಕಡಿದು ಉತ್ತ ನೆಲದಲ್ಲಿ ಇಂಗಾಲ ಸರಾಸರಿ ಶೇ. 42ರಷ್ಟು ಇಳಿಯುತ್ತದೆ. ಜಗತ್ತಿನ 74 ಅಧ್ಯಯನಗಳನ್ನು ಜೋಡಿಸಿ ಗುವೋ ಮತ್ತು ಗಿಫರ್ಡ್ 2002ರಲ್ಲಿ ಕಂಡುಕೊಂಡದ್ದು ಇದು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವವರು ಮಣ್ಣಿಗೆ ಮರಳಬೇಕಾದ ಇಂಗಾಲವನ್ನೂ ಹೊಗೆ ಮಾಡುತ್ತಾರೆ.

● ಗೋಕಾಕ, ಮೂಡಲಗಿ ಕಡೆಯ ಎರಿ ಹೊಲಕ್ಕೆ ಇನ್ನೊಂದು ಕಾಟ ಕೆಳಗಿನಿಂದ ಬರುತ್ತದೆ. ಮರದ ಬೇರು ಆಳದ ನೀರನ್ನು ವರ್ಷವಿಡೀ ಹೀರಿ ಎಲೆಯ ಮೂಲಕ ಗಾಳಿಗೆ ಬಿಡುತ್ತದೆ. ಅದರ ಜಾಗಕ್ಕೆ ಬಂದ ಕಬ್ಬಿನ ಬೇರಿಗೆ ಅಷ್ಟು ಆಳ ಸಾಮಾನ್ಯವಾಗಿ ಎಟಕುವುದಿಲ್ಲ. ಅದರ ಮೇಲೆ ಘಟಪ್ರಭಾ ಕಾಲುವೆ ನೀರು! ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವೊಂದೇ ಸುಮಾರು 51 ಟಿಎಂಸಿ ಹಿಡಿಯುತ್ತದೆ. ಎರಿಮಣ್ಣಿನಲ್ಲಿ ನೀರು ಬೇಗ ಬಸಿಯದು. ಅಂತರ್ಜಲ ಏರುತ್ತದೆ, ಜೊತೆಗೆ ಉಪ್ಪೂ ಏರುತ್ತದೆ. ನೀರು ಆರಿ ಹೋಗಿ ಬಿಳಿ ಪೊರೆ ಉಳಿಯುತ್ತದೆ. ಅದೇ ಸವಳು. ಕಾಲುವೆಯದೇ ದೊಡ್ಡ ಪಾಲು ನಿಜ, ಆದರೆ ಹೀರುವ ಮರವನ್ನು ಮೊದಲೇ ಕಡಿದು ಕೂತವರು ನಾವು.

● ಆಸ್ಟ್ರೇಲಿಯಾದಲ್ಲಂತೂ ಕಾಲುವೆಯೇ ಇಲ್ಲದ ಕಡೆಯೂ ಗೋದಿ ಹೊಲಗಳು ಸವಳಾದವು. ಕಾಡು ಕಡಿದದ್ದೇ ಕಾರಣವೆಂದು 1924ರಲ್ಲಿ ಬರೆದವರು ಕೃಷಿ ವಿಜ್ಞಾನಿಯಲ್ಲ, ಡಬ್ಲ್ಯು. ಇ. ವುಡ್ ಎಂಬ ರೈಲ್ವೆ ಎಂಜಿನಿಯರ್!

● ಬದುವಿನ ಕರಿಜಾಲಿ ನೆರಳು ಬಿದ್ದಲ್ಲಿ ಬೆಳೆ ಸೊರಗುತ್ತದೆ ಎಂದು ರೈತರು ಕಡಿಯುತ್ತಾರೆ. ಸುಳ್ಳಲ್ಲ. ಆದರೆ ಆ ಮರದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಕಾಸಿಲ್ಲದ ಯೂರಿಯಾ! ಸವಳಿನಲ್ಲೂ ಬಾಳುವ ಕೆಲವೇ ಮರಗಳಲ್ಲಿ ಇದೂ ಒಂದು.

● ಹರಿದುಹೋದ ಮಣ್ಣು ಮಾಯವಾಗುವುದಿಲ್ಲ. ನೀರು ನಿಧಾನಿಸಿದ ಕಡೆ, ಹಿಡಕಲ್‌ನಲ್ಲಾಗಲಿ ಘಟಪ್ರಭಾ ನದಿಯ ಧುಪದಾಳದ ಒಡ್ಡಿನ ಹಿಂದಾಗಲಿ, ಹೂಳಾಗಿ ಕೂರುತ್ತದೆ.

● ಸವಳು ತೊಳೆಯಲು ಬಸಿಗಾಲುವೆ ತೋಡಬೇಕು. ಅದರ ಬಾಯಿ ಹಳ್ಳಕ್ಕೆ ತೆರೆಯಬೇಕು. ನಡುವೆ ನಿಲ್ಲಿಸಿದರೆ ನಿಮ್ಮ ಉಪ್ಪು ಪಕ್ಕದವರ ಹೊಲಕ್ಕೆ.